‘ಈ ಕಥೆ ಹೀಗೆ ಮುಗಿಯಬಾರದಿತ್ತು’: ಹ್ಯಾರಿ ಪಾಟರ್ ಓದುಗರ ಮುನಿಸು ಮತ್ತು ನಮ್ಮ ಕಥಾಪಾಠ

ಕಳೆದ ಸಲದ ಬೋಧನಾ ಅಭ್ಯಾಸದ ಮೂರನೆಯ ವಾರ. ಏಳನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪುಣ್ಯಕೋಟಿಯ ಕಥೆ ಹೇಳಿ ಮುಗಿಸಿದ್ದರು. ಪಾಠ ಚೆನ್ನಾಗಿಯೇ ಸಾಗಿತ್ತು. ಚಿತ್ರಪಟ ಇತ್ತು, ದನಿಯಲ್ಲಿ ಏರಿಳಿತ ಇತ್ತು, ಕಪ್ಪುಹಲಗೆಯ ಮೇಲೆ ‘ನೀತಿ: ಸತ್ಯಕ್ಕೆ ಜಯ’ ಎಂದು ದುಂಡಗೆ ಬರೆದೂ ಆಗಿತ್ತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ಹುಲಿ ಯಾಕೆ ಸಾಯಬೇಕಿತ್ತು? ಅದು ಹಸೂನ ಬಿಟ್ಟುಬಿಡ್ತಲ್ಲ. ಒಳ್ಳೇದಾದ್ಮೇಲೂ ಸಾಯೋದಾ?” ಎಂದು ಕೇಳಿದ. “ಕಥೇಲಿ ಹಾಗೇ ಇದೆಯಪ್ಪಾ, ಕೂತ್ಕೋ” ಎಂದು ಹೇಳಿ ಅವರು ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದರು. ಗಂಟೆ ಹೊಡೆಯಲು ಐದೇ ನಿಮಿಷ ಉಳಿದಿತ್ತು. ನಾನು ಅವಲೋಕನ ಪುಸ್ತಕದಲ್ಲಿ ‘ಸಮಯಪಾಲನೆ ಉತ್ತಮ’ ಎಂದು ಬರೆದೆ.

ಅದೇ ಸಂಜೆ ಬಸ್ಸಿಗಾಗಿ ಕಾಯುತ್ತಿದ್ದಾಗ ಪ್ರಶಿಕ್ಷಣಾರ್ಥಿಗಳ ಮಾತು ಹೇಗೋ ಹ್ಯಾರಿ ಪಾಟರ್ ಕಡೆಗೆ ಹೊರಳಿತು. ಬೆಳಿಗ್ಗೆ ಪುಣ್ಯಕೋಟಿ ಪಾಠ ಮಾಡಿದವರೇ ಎಲ್ಲರಿಗಿಂತ ಜೋರಾಗಿ ಮಾತಾಡಿದರು. “ಆ ಕೊನೇ ಅಧ್ಯಾಯ ಓದಿ ಪುಸ್ತಕ ಎತ್ತಿ ಎಸೆದಿದ್ದೆ ಮೇಡಂ. ಎಂಟನೇ ಕ್ಲಾಸಲ್ಲಿದ್ದೆ ಆಗ. ಇವತ್ತಿಗೂ ಸಿಟ್ಟು ಹೋಗಿಲ್ಲ.” ಬಸ್ಸು ಬರುವವರೆಗೆ, ಅಂದರೆ ಸುಮಾರು ಅರ್ಧ ಗಂಟೆ, ಆ ಸಿಟ್ಟಿಗೆ ಕಾರಣ ಕೊಟ್ಟರು. ಯಾವ ಸಂಪುಟದಲ್ಲಿ ಯಾರು ಏನು ಹೇಳಿದ್ದರು ಎಂಬುದನ್ನೆಲ್ಲ ನೆನಪಿನಿಂದ ತೆಗೆದು ಮುಂದಿಟ್ಟರು. ಅಷ್ಟು ಒಳ್ಳೆಯ ಸಾಹಿತ್ಯ ಚರ್ಚೆಯನ್ನು ನಾನು ನಮ್ಮ ವಿಮರ್ಶಾ ಪಾಠಗಳಲ್ಲೂ ಕೇಳಿಲ್ಲ. ನನಗೆ ಹಿಂದಿನ ಬೆಂಚಿನ ಹುಡುಗ ನೆನಪಾದ. ಅವನಿಗೆ ಅರ್ಧ ನಿಮಿಷವೂ ಸಿಕ್ಕಿರಲಿಲ್ಲ.

ಪ್ರೀತಿಸಿದ ಕಥೆ ಬೇಡದ ರೀತಿಯಲ್ಲಿ ಮುಗಿದಾಗ ಓದುಗರು ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ಹ್ಯಾರಿ ಪಾಟರ್‌ನ ಉದಾಹರಣೆಯಿಂದ ನೋಡೋಣ. ಜಗತ್ತಿನ ಬಹುದೊಡ್ಡ ಓದುಗ ಬಳಗವೊಂದು ಒಂದೇ ಅಂತ್ಯದ ಬಗ್ಗೆ ಒಟ್ಟಿಗೆ ವಾದಿಸಿದ ಪ್ರಸಂಗ ಅದು. ಕಥೆ ಕಲಿಸುವವರಿಗೆ ಅದರಲ್ಲಿ ಬೇಕಾದಷ್ಟು ಸಾಮಗ್ರಿ ಇದೆ.

ಹತ್ತೊಂಬತ್ತು ವರ್ಷಗಳ ಜಿಗಿತ

ಓದದವರಿಗಾಗಿ ಎರಡು ಮಾತು. ಬ್ರಿಟನ್ನಿನ ಜೆ.ಕೆ. ರೌಲಿಂಗ್ ಬರೆದ ಈ ಮಾಲೆಯ ಏಳು ಸಂಪುಟಗಳು 1997ರಿಂದ 2007ರವರೆಗೆ ಪ್ರಕಟವಾದವು. ತಬ್ಬಲಿ ಹುಡುಗ ಹ್ಯಾರಿಗೆ ಹನ್ನೊಂದನೆಯ ವಯಸ್ಸಿನಲ್ಲಿ ತಾನು ಮಾಂತ್ರಿಕನೆಂದು ಗೊತ್ತಾಗುತ್ತದೆ. ಅವನು ಹಾಗ್ವರ್ಟ್ಸ್ ಎಂಬ ಮಾಯಾಶಾಲೆಗೆ ಸೇರುತ್ತಾನೆ. ಸುಮಾರಾಗಿ ಒಂದೊಂದು ಸಂಪುಟ ಒಂದೊಂದು ಶಾಲಾವರ್ಷದ ಕಥೆ. ಅವನ ತಂದೆತಾಯಿಯನ್ನು ಕೊಂದ ವೋಲ್ಡೆಮಾರ್ಟ್ ಮತ್ತೆ ಬಲಗೊಳ್ಳುತ್ತಾನೆ, ಕೊನೆಗೆ ಯುದ್ಧವಾಗುತ್ತದೆ.

ಏಳನೆಯ ಸಂಪುಟ 2007ರ ಜುಲೈ 21ರಂದು ಹೊರಬಂತು. ಮೊದಲ 24 ಗಂಟೆಗಳಲ್ಲಿ ಅಮೆರಿಕದಲ್ಲಿ 83 ಲಕ್ಷ, ಬ್ರಿಟನ್ನಿನಲ್ಲಿ ಸುಮಾರು 26 ಲಕ್ಷ ಪ್ರತಿಗಳು ಮಾರಾಟವಾದವು. ಅದಕ್ಕೂ ಒಂದು ವರ್ಷ ಮೊದಲು, 2006ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ರೌಲಿಂಗ್ ಜೊತೆ ಕಥಾವಾಚನಕ್ಕೆ ಬಂದಿದ್ದ ಸ್ಟೀಫನ್ ಕಿಂಗ್ ಮತ್ತು ಜಾನ್ ಅರ್ವಿಂಗ್ ಎಂಬ ಇಬ್ಬರು ಹೆಸರಾಂತ ಕಾದಂಬರಿಕಾರರು ಹ್ಯಾರಿಯನ್ನು ಕೊಲ್ಲಬೇಡಿ ಎಂದು ಎಲ್ಲರೆದುರೇ ಕೇಳಿಕೊಂಡಿದ್ದರು. ಸ್ವತಃ ಕಥೆ ಕಟ್ಟುವವರೇ ಹೀಗೆ ಬೇಡಿಕೊಂಡರೆ ಮಕ್ಕಳ ಪಾಡು ಏನಿದ್ದಿರಬೇಕು!

ಹ್ಯಾರಿ ಬದುಕುತ್ತಾನೆ. ಲೆಕ್ಕಪ್ರಕಾರ ಎಲ್ಲರೂ ನೆಮ್ಮದಿಯಾಗಿ ಪುಸ್ತಕ ಮುಚ್ಚಬೇಕಿತ್ತು. ಆದರೆ ಯುದ್ಧ ಮುಗಿದ ಮೇಲೆ ರೌಲಿಂಗ್ ಹತ್ತೊಂಬತ್ತು ವರ್ಷ ಮುಂದಕ್ಕೆ ಜಿಗಿದು ಕೆಲವೇ ಪುಟಗಳ ಉಪಸಂಹಾರ ಬರೆದಿದ್ದಾರೆ. ಜಗಳ ಹುಟ್ಟಿದ್ದು ಅಲ್ಲಿ.

ಆ ಪುಟಗಳಲ್ಲಿ ನಡೆಯುವುದು ಇಷ್ಟೇ. ಸೆಪ್ಟೆಂಬರ್ ಒಂದನೆಯ ತಾರೀಖು, ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣ. ಹ್ಯಾರಿ ಗೆಳೆಯ ರಾನ್‌ನ ತಂಗಿ ಜಿನ್ನಿಯನ್ನು ಮದುವೆಯಾಗಿದ್ದಾನೆ. ರಾನ್ ಹಾಗೂ ಹರ್ಮೈನಿ ಗಂಡಹೆಂಡತಿ. ಎಲ್ಲರೂ ಮಕ್ಕಳನ್ನು ಶಾಲೆಯ ರೈಲು ಹತ್ತಿಸಲು ಬಂದಿದ್ದಾರೆ. ಹ್ಯಾರಿಯ ಎರಡನೆಯ ಮಗನಿಗೆ ಇಬ್ಬರು ಮುಖ್ಯೋಪಾಧ್ಯಾಯರ ಹೆಸರನ್ನು ಸೇರಿಸಿ ಆಲ್ಬಸ್ ಸೆವೆರಸ್ ಎಂದು ಹೆಸರಿಟ್ಟಿದೆ. ತನ್ನನ್ನು ಸ್ಲಿದರಿನ್ ಎಂಬ ಬಣಕ್ಕೆ ಹಾಕಿಬಿಟ್ಟರೆ ಎಂದು ಆ ಹುಡುಗ ಹೆದರುತ್ತಾನೆ, ಅಪ್ಪ ಧೈರ್ಯ ಹೇಳುತ್ತಾನೆ. ರೈಲು ಹೊರಡುತ್ತದೆ.

ಯಕ್ಷಗಾನ ನೋಡಿದವರಿಗೆ ಇದು ಪರಿಚಿತ ಕ್ರಮವೇ. ಯುದ್ಧ ಮುಗಿಯುತ್ತದೆ, ಬೆಳಗಾಗುತ್ತದೆ, ಭಾಗವತರು ಮಂಗಳ ಹಾಡುತ್ತಾರೆ, ಜನ ಚಾಪೆ ಸುತ್ತುತ್ತಾರೆ. ಮಂಗಳದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ರೌಲಿಂಗ್ ಹಾಡಿದ ಮಂಗಳಕ್ಕೆ ಮಾತ್ರ ಸಭೆ ಎದ್ದು ನಿಂತು ಆಕ್ಷೇಪಿಸಿತು.

ಮುನಿಸುಗಳೆಲ್ಲ ಒಂದೇ ಬಗೆಯವಲ್ಲ

ಹೊರಗಿನಿಂದ ನೋಡಿದರೆ ಇದು ಅಭಿಮಾನಿಗಳ ಗಲಾಟೆ ಅನ್ನಿಸುತ್ತದೆ. ಹತ್ತಿರ ಹೋದರೆ ಬೇರೆ ಬೇರೆ ಎಳೆಗಳು ಕಾಣುತ್ತವೆ. ಶಿಕ್ಷಕರಿಗೆ ಈ ಎಳೆಗಳನ್ನು ಬಿಡಿಸಲು ಬರಬೇಕು.

ತೀರಾ ಸರಳವಾದದ್ದು ಜೋಡಿಗಳ ತಕರಾರು. ಹ್ಯಾರಿಗೂ ಹರ್ಮೈನಿಗೂ ಮದುವೆಯಾಗಬೇಕಿತ್ತು ಎಂದು ಬಯಸಿದ್ದವರು ಬಹಳ. ಇದು ಆಸೆ. ಆಸೆ ತಪ್ಪಲ್ಲ, ಆದರೆ ಅದನ್ನು ವಾದವಾಗಿ ನಿಲ್ಲಿಸುವುದು ಕಷ್ಟ. ತಮಾಷೆಯೆಂದರೆ 2014ರಲ್ಲಿ, ಚಿತ್ರಗಳಲ್ಲಿ ಹರ್ಮೈನಿಯ ಪಾತ್ರ ಮಾಡಿದ ಎಮಾ ವಾಟ್ಸನ್ ಜೊತೆಗಿನ ಸಂದರ್ಶನದಲ್ಲಿ ರೌಲಿಂಗ್ ಅವರೇ, ರಾನ್–ಹರ್ಮೈನಿ ಜೋಡಿ ತಮ್ಮ ಸ್ವಂತ ಇಷ್ಟಕ್ಕಾಗಿ ಉಳಿಸಿಕೊಂಡದ್ದು ಎಂಬರ್ಥದ ಮಾತಾಡಿದರು. ಏಳು ವರ್ಷ ‘ನಿಮಗೆ ಓದಲು ಬರಲಿಲ್ಲ’ ಎಂದು ಬೈಸಿಕೊಂಡಿದ್ದವರಿಗೆ ಆ ದಿನ ಹಬ್ಬ.

ಇನ್ನೊಂದು ತಕರಾರು ಹೇಳದೆ ಬಿಟ್ಟ ಸಂಗತಿಗಳದು. ರಾನ್‌ನ ಅಣ್ಣಂದಿರಾದ ಫ್ರೆಡ್ ಮತ್ತು ಜಾರ್ಜ್ ಅವಳಿಗಳು. ಕೊನೆಯ ಯುದ್ಧದಲ್ಲಿ ಫ್ರೆಡ್ ಸಾಯುತ್ತಾನೆ. ಉಳಿದ ಜಾರ್ಜ್ ಏನಾದ? ಉಪಸಂಹಾರದಲ್ಲಿ ಅವನ ಸುದ್ದಿಯೇ ಇಲ್ಲ. ಯುದ್ಧದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಟೆಡ್ಡಿ ಎಂಬ ಹಸುಗೂಸು, ಆ ನಿಲ್ದಾಣದಲ್ಲಿ ಪ್ರಾಯದ ಹುಡುಗನಾಗಿ ಸುಳಿದು ಹೋಗುತ್ತಾನೆ, ಅಷ್ಟೇ. ಯಾರು ಯಾವ ಕೆಲಸದಲ್ಲಿದ್ದಾರೆ ಎಂಬುದೂ ಬಹುಮಟ್ಟಿಗೆ ತಿಳಿಯುವುದಿಲ್ಲ. (ನೆವಿಲ್ ಮಾತ್ರ ಅಧ್ಯಾಪಕನಾಗಿದ್ದಾನೆ, ನಮ್ಮವರಿಗೆ ಸಂತೋಷದ ಸಂಗತಿ.) ಈ ಓದುಗರು ಬೇರೆ ಅಂತ್ಯ ಕೇಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಶೋಕಿಸಲು ಸ್ವಲ್ಪ ಅವಕಾಶ. ಸಾವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ಕಥೆ, ಸೂತಕದ ದಿನಗಳನ್ನು ಒಂದೇ ಜಿಗಿತಕ್ಕೆ ದಾಟಿಬಿಟ್ಟಿತು ಎಂಬುದು ಅವರ ದೂರು.

ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಕಥೆ ತಾನೇ ಎತ್ತಿದ ಪ್ರಶ್ನೆಗೆ ಕೊನೆಯಲ್ಲಿ ಬೆನ್ನು ತಿರುಗಿಸಿತು ಎನ್ನುವುದು. ಮಾಂತ್ರಿಕರ ಮನೆಗಳಲ್ಲಿ ಸಂಬಳವಿಲ್ಲದೆ ದುಡಿಯುವ ಗೃಹಸೇವಕ ಕುಳ್ಳರಿದ್ದಾರೆ. ನಾಲ್ಕನೆಯ ಸಂಪುಟದಲ್ಲಿ ಹರ್ಮೈನಿ ಅವರ ಪರವಾಗಿ ಸಂಘ ಕಟ್ಟುತ್ತಾಳೆ. ಏಳನೆಯದರಲ್ಲಿ ಕ್ರೀಚರ್ ಎಂಬ ಸೇವಕ ತನ್ನವರನ್ನು ಕರೆದುಕೊಂಡು ಯುದ್ಧಕ್ಕೇ ಇಳಿಯುತ್ತಾನೆ. ಯುದ್ಧ ಗೆದ್ದು ಮಲಗಲು ಹೊರಟ ಹ್ಯಾರಿಗೆ ಬರುವ ಯೋಚನೆ ಯಾವುದು? ಕ್ರೀಚರ್ ತನಗೊಂದು ಸ್ಯಾಂಡ್‌ವಿಚ್ ತಂದುಕೊಡಬಹುದೇ ಎಂದು. ಎಷ್ಟೋ ಜನ ಆ ಸಾಲನ್ನು ಗಮನಿಸದೆ ದಾಟುತ್ತಾರೆ. ಗಮನಿಸಿದವರಿಗೆ ಮುಳ್ಳಿನಂತೆ ಚುಚ್ಚಿತು.

ಬಣಗಳ ವಿಷಯವೂ ಹಾಗೆಯೇ. ಶಾಲೆಗೆ ಬಂದ ಮೊದಲ ದಿನವೇ ಹನ್ನೊಂದು ವರ್ಷದ ಮಕ್ಕಳನ್ನು ನಾಲ್ಕು ಬಣಗಳಾಗಿ ಹಂಚುವುದು ಹಾಗ್ವರ್ಟ್ಸ್ ಪದ್ಧತಿ. ಹೀಗೆ ತೀರಾ ಬೇಗ ಹಂಚುತ್ತಿದ್ದೇವೇನೋ ಎಂಬ ಅನುಮಾನವನ್ನು ಮುಖ್ಯೋಪಾಧ್ಯಾಯ ಡಂಬಲ್ಡೋರ್ ಬಾಯಿಂದಲೇ ರೌಲಿಂಗ್ ಹೇಳಿಸಿದ್ದಾರೆ. ಅಷ್ಟಾದ ಮೇಲೂ, ಹತ್ತೊಂಬತ್ತು ವರ್ಷದ ನಂತರವೂ, ಅದೇ ಹಂಚಿಕೆ, ಅದೇ ಬಣದ ಬಗ್ಗೆ ಅದೇ ಭಯ. ಹಾಗಾದರೆ ಯುದ್ಧ ಗೆದ್ದು ಬದಲಾಗಿದ್ದೇನು? ಇನ್ನೊಂದು ಪಕ್ಷದವರೂ ಪಠ್ಯದಿಂದಲೇ ಉತ್ತರ ಕೊಟ್ಟರು. ತಾನು ಕಂಡ ಮಹಾಧೈರ್ಯಶಾಲಿಯೊಬ್ಬ ಸ್ಲಿದರಿನ್‌ನವನೇ ಎಂದು ಹ್ಯಾರಿ ಮಗನಿಗೆ ಹೇಳುತ್ತಾನಲ್ಲ, ವ್ಯವಸ್ಥೆ ಬದಲಾಗದಿದ್ದರೂ ಅಪ್ಪನ ಮಾತು ಬದಲಾಗಿದೆ, ಬದಲಾವಣೆ ಶುರುವಾಗುವುದೇ ಹಾಗೆ ಎಂಬುದು ಅವರ ವಾದ. ಎರಡೂ ಒಳ್ಳೆಯ ವಾದಗಳು.

ಆ ಧೈರ್ಯಶಾಲಿಯೇ ಸೆವೆರಸ್ ಸ್ನೇಪ್, ಮಗನಿಗಿಟ್ಟ ಹೆಸರಿನ ಎರಡನೆಯ ಭಾಗ. ನಾವು ಶಿಕ್ಷಕರಾಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ನೇಪ್ ಪ್ರಾಣದ ಹಂಗು ತೊರೆದು ಹ್ಯಾರಿಯನ್ನು ಗುಟ್ಟಾಗಿ ಕಾಪಾಡಿದವನು, ನಿಜ. ತರಗತಿಯಲ್ಲಿ ಮಕ್ಕಳನ್ನು ಹೀಯಾಳಿಸುತ್ತಿದ್ದವನೂ ಅವನೇ. ಮೂರನೆಯ ಸಂಪುಟದಲ್ಲೊಂದು ಪಾಠವಿದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಎದುರೂ ಅವನು ಅತಿ ಹೆಚ್ಚು ಹೆದರುವ ವಸ್ತು ರೂಪ ತಾಳಿ ನಿಲ್ಲುತ್ತದೆ. ನೆವಿಲ್‌ನ ತಂದೆತಾಯಿ ದುಷ್ಟರ ಚಿತ್ರಹಿಂಸೆಯಿಂದ ಬುದ್ಧಿ ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಆದರೂ ಅವನೆದುರು ಬಂದು ನಿಂತದ್ದು ಆ ದುಷ್ಟರಲ್ಲ, ಅವನ ಮೇಷ್ಟ್ರು ಸ್ನೇಪ್. ಅಂಥ ಮೇಷ್ಟ್ರ ಹೆಸರನ್ನು ಮಗುವಿಗೆ ಇಡುವುದು ಕ್ಷಮೆಯೋ ಮರೆವೋ? ಓದುಗರು ಈ ಬಗ್ಗೆ ವರ್ಷಗಟ್ಟಲೆ ಕಾದಾಡಿದ್ದಾರೆ. ಬಸ್ ನಿಲ್ದಾಣದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯ ಸಿಟ್ಟೂ ಇದೇ ಆಗಿತ್ತು. “ಒಂದು ಮಗು ಹೆದರಿದ್ದಕ್ಕೆ ಲೆಕ್ಕವೇ ಇಲ್ವಾ ಮೇಡಂ?” ಎಂದು ಕೇಳಿದ್ದರು.

ಹಳದಿ ಕಡತ

ಅಂತ್ಯ ಹೀಗಾಗಲು ಕಾರಣವೇನು? 2001ರ ಬಿಬಿಸಿ ಸಾಕ್ಷ್ಯಚಿತ್ರವೊಂದರಲ್ಲಿ ರೌಲಿಂಗ್ ಒಂದು ಹಳದಿ ಕಡತ ತೋರಿಸಿ, ಮಾಲೆಯ ಕೊನೆಯ ಅಧ್ಯಾಯ ಇದರಲ್ಲಿದೆ ಎಂದಿದ್ದರು. ಆಗಿನ್ನೂ ನಾಲ್ಕೇ ಸಂಪುಟ ಹೊರಬಂದಿದ್ದವು. ಮುಂದೆ ಅದನ್ನು ತಿದ್ದಿದರೂ, ಹೋಗಿ ಸೇರಬೇಕಾದ ಊರು ಮೊದಲೇ ಗೊತ್ತಿತ್ತು. 1997ರಲ್ಲಿ ಹನ್ನೊಂದು ವರ್ಷದವನಾಗಿ ಮೊದಲ ಸಂಪುಟ ಓದಿದವನಿಗೆ 2007ರಲ್ಲಿ ಇಪ್ಪತ್ತೊಂದು. ಪುಸ್ತಕಗಳೂ ಅವನ ಜೊತೆ ಬೆಳೆದು ದಪ್ಪವಾದವು, ಕತ್ತಲಾದವು. ಉಪಸಂಹಾರ ಮಾತ್ರ ಮೊದಲ ಸಂಪುಟದ ದನಿಯಲ್ಲೇ ಉಳಿಯಿತು ಎಂದು ನನಗನ್ನಿಸುತ್ತದೆ. ರೈಲಿನಿಂದ ಶುರುವಾದದ್ದು ರೈಲಿಗೇ ಮರಳಿದ್ದು ಸೊಗಸು ಎನ್ನುವವರು ಇದೇ ಸಂಗತಿಯನ್ನು ಹೊಗಳಿಕೆಯಾಗಿ ಹೇಳುತ್ತಾರೆ.

ಒಪ್ಪದವರು ಸುಮ್ಮನೆ ಕೂರಲಿಲ್ಲ, ಬರೆದರು. ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳಲ್ಲಿ ‘ಉಪಸಂಹಾರವೇ? ಯಾವ ಉಪಸಂಹಾರ?’ ಎಂಬರ್ಥದ ಹಣೆಪಟ್ಟಿಯೊಂದು ರೂಢಿಗೆ ಬಂತು. ಕಥೆಯ ಉಳಿದದ್ದೆಲ್ಲ ನಮಗೆ ಸಮ್ಮತ, ಆ ಕೊನೆಯ ಪುಟಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ ಎಂದು ಅದರ ಅರ್ಥ. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಮೊದಲು ನಮ್ಮ ಪಂಪನನ್ನು ನೆನೆಯಿರಿ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿ, ಕೊನೆಗೆ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಸುಭದ್ರೆಯನ್ನು ಕೂರಿಸಿದವನು ಅವನು. (ಆದಿಕವಿಯನ್ನು ಅಭಿಮಾನಿ ಲೇಖಕ ಎಂದದ್ದಕ್ಕೆ ಕನ್ನಡ ವಿಭಾಗದ ಸಹೋದ್ಯೋಗಿಗಳು ಕ್ಷಮಿಸಬೇಕು.)

ಪುಸ್ತಕ ಮುಗಿದ ಮೇಲೆ ರೌಲಿಂಗ್ ಸಂದರ್ಶನಗಳಲ್ಲಿ ಬಿಟ್ಟಸ್ಥಳ ತುಂಬುತ್ತ ಹೋದರು: ಯಾರು ಯಾವ ಕೆಲಸ ಹಿಡಿದರು, ಯಾರು ಯಾರನ್ನು ಮದುವೆಯಾದರು ಎಂದು. 2007ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಡಂಬಲ್ಡೋರ್ ಸಲಿಂಗಪ್ರೇಮಿ ಎಂದೂ ಹೇಳಿದರು. ಕೆಲವರಿಗೆ ಇದರಿಂದ ಖುಷಿಯಾಯಿತು. ‘ಪುಸ್ತಕದಲ್ಲಿ ಇಲ್ಲದ್ದನ್ನು ನಾವೇಕೆ ಒಪ್ಪಬೇಕು?’ ಎಂದು ಕೇಳಿದವರೂ ಇದ್ದರು. ಕೊನೆಯ ಪುಟದ ನಂತರ ಕಥೆ ಯಾರದು ಎಂಬ ಈ ಪ್ರಶ್ನೆ ನಮ್ಮ ಪಠ್ಯಕ್ರಮದಲ್ಲಿ ಲೂಯಿಸ್ ರೋಸೆನ್‌ಬ್ಲಾಟ್ ಎತ್ತಿದ ಪ್ರಶ್ನೆಗೆ ಹತ್ತಿರದ್ದು. 1938ರಲ್ಲೂ ಮತ್ತೆ 1978ರಲ್ಲೂ ಆಕೆ ಪ್ರಕಟಿಸಿದ ಪುಸ್ತಕಗಳ ತಿರುಳು ಇದು: ಅರ್ಥ ಪುಟದ ಮೇಲೂ ಇಲ್ಲ, ಓದುಗನ ತಲೆಯಲ್ಲೂ ಇಲ್ಲ, ಇಬ್ಬರೂ ಕೂಡುವಲ್ಲಿ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದು ಅಂಕ ಪಡೆಯುತ್ತೇವೆ. ಆದರೆ ಆಕೆ ಹಾಕಿದ ಕಟ್ಟಳೆಯನ್ನು ಮರೆಯುತ್ತೇವೆ. ಪಠ್ಯದ ಯಾವ ಅಂಶವೂ ಸುಳ್ಳಾಗಿಸದ, ಪಠ್ಯದಲ್ಲಿ ಆಧಾರವಿರುವ ಓದು ಮಾತ್ರ ನಿಲ್ಲುತ್ತದೆ. ಸ್ಯಾಂಡ್‌ವಿಚ್ಚಿನ ಆಕ್ಷೇಪ ನಿಲ್ಲುವುದು, ಜೋಡಿಯ ಆಕ್ಷೇಪ ತೂರಾಡುವುದು ಈ ಕಾರಣಕ್ಕೆ.

2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿ ಮುಗಿದಾಗ, ಕೊನೆಯ ಆವೃತ್ತಿಯನ್ನು ಮತ್ತೆ ತೆಗೆಯಿರಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮನವಿ ಫಲಿಸಲಿಲ್ಲ. ಅಲ್ಲಿ ಕೇಳಿಬಂದ ಒಂದು ಮಾತು ಮಾತ್ರ ತರಗತಿಗೆ ಬೇಕಾದದ್ದು. ರಾಣಿ ಡೆನೇರಿಸ್ ಕ್ರೂರಿಯಾಗಿದ್ದು ತಪ್ಪಲ್ಲ, ಆರೇ ಕಂತುಗಳಲ್ಲಿ ಅಲ್ಲಿಗೆ ಒಯ್ದ ದಾರಿ ಸಾಲದು ಎಂದು ಎಷ್ಟೋ ಮಂದಿ ಹೇಳಿದರು. ಅಂತ್ಯವನ್ನೂ ಅಂತ್ಯಕ್ಕೆ ಮಾಡಿದ ಸಿದ್ಧತೆಯನ್ನೂ ಬೇರೆಬೇರೆಯಾಗಿ ನೋಡುವುದು ಎಂದರೆ ಇದು.

ಲೂಯಿಸ್ ಅವರ ಉತ್ತರ

ಮುನಿಸಿಕೊಂಡ ಓದುಗರಿಗೆ ಲೇಖಕರು ಕೊಟ್ಟ ಉತ್ತರಗಳಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ಹಳೆಯದು. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆಯ ಏಳನೆಯ, ಕೊನೆಯ ಪುಸ್ತಕ 1956ರಲ್ಲಿ ಬಂತು. ಮೊದಲ ಪುಸ್ತಕದ ನಾಲ್ವರು ಅಕ್ಕತಂಗಿ ಅಣ್ಣತಮ್ಮಂದಿರಲ್ಲಿ ಮೂವರು ಕೊನೆಗೆ ದಿವ್ಯವಾದ ನಾಡನ್ನು ಸೇರುತ್ತಾರೆ. ಸೂಸನ್ ಮಾತ್ರ ಇಲ್ಲ. ಅವಳೀಗ ಅಲಂಕಾರ, ಔತಣಕೂಟಗಳ ಗುಂಗಿನಲ್ಲಿದ್ದಾಳೆ, ನಾರ್ನಿಯಾವನ್ನು ಬಾಲ್ಯದ ಆಟವೆಂದುಕೊಂಡಿದ್ದಾಳೆ ಎಂದು ಉಳಿದವರು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಓದುವ ಮಕ್ಕಳಿಗೆ ಇದು ಸಹಿಸಲಾಗಲಿಲ್ಲ. ಸೂಸನ್ ಏನಾದಳು ಎಂದು ಕೇಳಿ ಲೂಯಿಸ್‌ಗೆ ಕಾಗದ ಬರೆದರು.

ಅವಳು ಬದುಕಿದ್ದಾಳೆ, ತಿದ್ದಿಕೊಳ್ಳಲು ಅವಳಿಗಿನ್ನೂ ಕಾಲವಿದೆ ಎಂದು ಒಂದು ಉತ್ತರದಲ್ಲಿ ಲೂಯಿಸ್ ಸಮಾಧಾನ ಹೇಳಿದರು. 1960ರ ಇನ್ನೊಂದು ಉತ್ತರದಲ್ಲಿ, ಅವಳ ಪಯಣದ ಕಥೆ ತಾವು ಬರೆಯಬಯಸಿದ್ದಕ್ಕಿಂತ ಉದ್ದವಾದೀತು, ದೊಡ್ಡವರ ಕಾದಂಬರಿಯಂತಾದೀತು ಎಂದು ವಿವರಿಸಿ, ನೀನೇ ಏಕೆ ಬರೆದು ನೋಡಬಾರದು ಎಂದು ಕೇಳಿದರು. ಪ್ರಶ್ನೆ ತಪ್ಪು ಎನ್ನಲಿಲ್ಲ, ಅಂತ್ಯವನ್ನು ಬದಲಿಸಲೂ ಇಲ್ಲ, ತಮಗೆ ಗೊತ್ತಿದ್ದಷ್ಟು ಹೇಳಿ ಲೇಖನಿಯನ್ನು ಆ ಕಡೆ ದಾಟಿಸಿದರು. ಲೂಯಿಸ್ ವೃತ್ತಿಯಿಂದ ಅಧ್ಯಾಪಕರಾಗಿದ್ದರು ಎಂಬುದು ಇಲ್ಲಿ ಕಾಣುತ್ತದೆ.

ಮರಳಿ ಏಳನೆಯ ತರಗತಿಗೆ

ನಮ್ಮ ಅಭ್ಯಾಸ ಶಾಲೆಗಳ ಬಹಳಷ್ಟು ಮಕ್ಕಳು ಹ್ಯಾರಿ ಪಾಟರ್ ಓದಿರುವುದಿಲ್ಲ. ಓದಿಸಬೇಕೆಂದೂ ನಾನು ಹೇಳುತ್ತಿಲ್ಲ. ಮಗು ‘ಹೀಗೆ ಮುಗಿಯಬಾರದಿತ್ತು’ ಎಂದಾಗ ಅದು ಕಥೆಯನ್ನು ತಪ್ಪಾಗಿ ತಿಳಿದಿದೆ ಎಂದುಕೊಳ್ಳುವ ನಮ್ಮ ಅಭ್ಯಾಸ ಹೋಗಬೇಕು. ‘ಯಾವ ಮಾತು ಬಂದಾಗ ನಿನಗೆ ಹಾಗನ್ನಿಸಿತು?’ ಎಂದು ಕೇಳಿದರೆ ಸಾಕು, ಮಗು ಪಠ್ಯಕ್ಕೆ ಮರಳುತ್ತದೆ. ಬರೀ ಆಸೆಯಾಗಿದ್ದರೆ ಅಲ್ಲೇ ತಿಳಿಯುತ್ತದೆ. ಆಧಾರವಿದ್ದರೆ ಅದನ್ನು ಹುಡುಕಿ ತರುತ್ತದೆ. ಪ್ರತಿ ಕಥೆಗೂ ‘ಬೇರೆ ಅಂತ್ಯ ಬರೆಯಿರಿ’ ಎಂಬ ಮನೆಗೆಲಸ ಕೊಡುವುದು ಇದಕ್ಕೆ ಬದಲಿಯಲ್ಲ. ನಲವತ್ತು ಮಕ್ಕಳೂ ‘ಎಲ್ಲರೂ ಸುಖವಾಗಿದ್ದರು’ ಎಂದು ಬರೆದು ತರುತ್ತಾರೆ, ನಾವು ನಲವತ್ತಕ್ಕೂ ಸಹಿ ಹಾಕುತ್ತೇವೆ.

ನಮ್ಮ ತಪ್ಪೂ ಇದೆ. ಅವಲೋಕನ ನಮೂನೆಯಲ್ಲಿ ಶಿಕ್ಷಕರು ಕೇಳಿದ ಪ್ರಶ್ನೆಗಳಿಗೆ ಅಂಕಣವಿದೆ, ಮಕ್ಕಳ ಉತ್ತರಗಳಿಗೆ ಅಂಕಣವಿದೆ. ಮಕ್ಕಳು ಕೇಳಿದ ಪ್ರಶ್ನೆಗೆ ಜಾಗವೇ ಇಲ್ಲ. ಅಂದು ‘ಸಮಯಪಾಲನೆ ಉತ್ತಮ’ ಎಂದು ಬರೆದವಳು ನಾನು. ಆ ಮಾತನ್ನು ಹೊಡೆದುಹಾಕಿಲ್ಲ, ಪಕ್ಕದಲ್ಲಿ ಹುಡುಗನ ಪ್ರಶ್ನೆಯನ್ನೂ ಬರೆದಿಟ್ಟಿದ್ದೇನೆ.

ಮುಂದಿನ ವಾರ ಆ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ ಹುಡುಗನ ಪ್ರಶ್ನೆಯಿಂದಲೇ ಪಾಠ ಶುರುಮಾಡಿದರು. “ಹುಲಿ ಹುಲ್ಲು ತಿನ್ನಲ್ವಲ್ಲ ಮಿಸ್, ಬದುಕಿದ್ರೆ ಇನ್ನೊಂದು ಹಸು ಹಿಡೀಬೇಕಿತ್ತು” ಎಂದಳೊಬ್ಬಳು. ಅದಕ್ಕೆ ನಾಚಿಕೆಯಾಗಿತ್ತು ಎಂದ ಮತ್ತೊಬ್ಬ. ಹಿಂದಿನ ಬೆಂಚಿನ ಹುಡುಗ ಒಪ್ಪಲಿಲ್ಲ. “ಹುಲಿ ಪುಣ್ಯಕೋಟೀನ ಅಕ್ಕ ಅಂತ ಕರೀತಲ್ಲ ಮಿಸ್. ತಮ್ಮ ಹಾರೋಕೆ ಹೋದ್ರೆ ಅಕ್ಕ ಸುಮ್ನೆ ನೋಡ್ತಾ ನಿಂತ್ಕೋತಾಳಾ?” ಎಂದ.

ಈ ಸಲ ಅವರು ಗೋವಿನ ಹಾಡಿನ ಪೂರ್ತಿ ಪಾಠವನ್ನು ಬರೆದುಕೊಂಡು ಹೋಗಿದ್ದರು. ತಾವು ಹೇಳಿದ ಕಥೆಯಲ್ಲಿ ಬಿಟ್ಟುಹೋಗಿದ್ದ ಪದ್ಯವೊಂದನ್ನು ತೆಗೆದು ಓದಿದರು. ಅಲ್ಲಿ ಪುಣ್ಯಕೋಟಿ ಸುಮ್ಮನೆ ನಿಂತಿಲ್ಲ. ನೀನೇಕೆ ಸಾಯಬೇಕು ಎಂದು ಹುಲಿಯನ್ನೇ ಕೇಳುತ್ತದೆ. ತರಗತಿ ಒಂದು ಕ್ಷಣ ಸದ್ದಿಲ್ಲದೆ ಕೂತಿತು. ಆಮೇಲೆ ಆ ಹುಡುಗನೇ, “ನಾನ್ ಕೇಳಿದ್ದೇ ಅಲ್ವಾ ಮಿಸ್ ಅದು?” ಎಂದ.